ಮೂವತ್ತನೇ ಕ್ಲಾಸಿನ ಕಾಫಿ

(ಬೀದರ್. ವಕೀಲರ ಟೇಬಲ್. ಚಾ ಕುಡಿಯೋ ಊರಾಗ ಕಾಫಿ ಧಂಧೆ, ಧೈರ್ಯ ಮೆಚ್ಚಬೇಕು.)

ಭಾಲ್ಕಿಯವ: ವಕೀಲ್ ಸಾಬ್ರ, ‘ಬೀದರ್ ಕಾಫಿ’ ಅಂತ ಟ್ರೇಡ್‌ಮಾರ್ಕ್ ಮಾಡಿಸ್ರಿ.

ವಕೀಲ: 1999ರ ಕಾಯ್ದೆ, ಕಲಂ 9. ಊರಿನ ಹೆಸರು ಸುಲಭಕ್ಕ ಸಿಗಂಗಿಲ್ಲಪ್ಪಾ. ಬೀಜ ಎಲ್ಲೀವು?

ಭಾಲ್ಕಿಯವ: ಚಿಕ್ಕಮಗಳೂರಿನವು.

ವಕೀಲ: ಹುರಿಯೋದು?

ಭಾಲ್ಕಿಯವ: ಔರಾದ್‌ನಾಗ, ಮಾವನ ಶೆಡ್ಡಿನಾಗ.

ವಕೀಲ: ಮತ್ತ ಬೀದರ್ ಎಲ್ಲಿ ಬಂತು?

ಭಾಲ್ಕಿಯವ: ಪಾಕೀಟಿನ ಮ್ಯಾಲ ಕೋಟೆ ಚಿತ್ರ ಅದಲ್ರಿ! ಬ್ಯಾಡಂದ್ರ ‘ಸ್ಟಾರ್‌ಭಾಲ್ಕಿ’?

ವಕೀಲ: ದಿಲ್ಲಿಯಾಗ ‘ಸರ್ದಾರ್‌ಬಕ್ಷ್’ ಕಾಫಿ ಅಂಗಡಿಯವ್ರ ಮ್ಯಾಲ ಸ್ಟಾರ್‌ಬಕ್ಸ್ ಕೇಸ್ ಹಾಕಿತ್ತು. 2018ರಾಗ ಹೆಸರು ಬದಲಿಸಬೇಕಾಯ್ತು.

ಭಾಲ್ಕಿಯವ: ಫೀಸು?

ವಕೀಲ: ಸಣ್ಣ ಧಂಧೆಗೆ ಆನ್‌ಲೈನ್‌ನಾಗ 4,500 ರೂಪಾಯಿ. ಕಾಫಿ ಅಂದ್ರ 30ನೇ ಕ್ಲಾಸ್.

ಭಾಲ್ಕಿಯವ: ನಂದು ಹತ್ತನೇ ಕ್ಲಾಸೇ ಆಗಿಲ್ರಿ!

ವಕೀಲ: ಟ್ರೇಡ್‌ಮಾರ್ಕ್ ಜರ್ನಲ್‌ನಾಗ ಅರ್ಜಿ ಬಂದಮ್ಯಾಲ ನಾಕ್ ತಿಂಗಳೊಳಗ ಯಾರರ ತಕರಾರು ತೆಗೀಬಹುದು.

ಭಾಲ್ಕಿಯವ: ಮಾವ ಈಗ್ಲೇ ತೆಗದಾನ್ರಿ, ಶೆಡ್ ಬಾಡಗಿ ಕೊಟ್ಟಿಲ್ಲಂತ.