ಎರಡನೇ ಕಾರಿಗೆ ಎಷ್ಟು ದೂರ?

ಮನೆಯ ಎರಡನೇ ಕಾರಿನ ಕೆಲಸವೆಂದರೆ ಟ್ಯೂಷನ್, ತರಕಾರಿ, ಅಪರೂಪಕ್ಕೊಂದು ಆರತಕ್ಷತೆ. ಇಷ್ಟಕ್ಕೆ 400 ಕಿಲೋಮೀಟರ್ ಓಡುವ ಬ್ಯಾಟರಿ ಯಾಕೆ ಸ್ವಾಮಿ? 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ವಿದ್ಯುತ್ ಕಾರು ರೇವಾ, 2013ರಲ್ಲಿ ಬಂದ ಅದರ ತಂಗಿ ಮಹೀಂದ್ರಾ ಇ2ಓ, ಎರಡೂ ಊರೊಳಗಿನ ಓಡಾಟಕ್ಕೆಂದೇ ಆದವು. ಸೆಕೆಂಡ್ ಹ್ಯಾಂಡ್ ಕೊಂಡದ್ದು ಹಳತಾಗಿ ಮೊದಲಿನ ಅರ್ಧ ದೂರವಷ್ಟೇ ಹೋದರೂ ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿ ಬರಲು ಧಾರಾಳ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಪೆಟ್ರೋಲ್ ಕಾರು ನಿಂತಲ್ಲೇ ಕುಡಿಯುತ್ತದೆ. ವಿದ್ಯುತ್ ಕಾರಿನ ಮೋಟಾರು ಸುಮ್ಮನೆ ಕೂತಿರುತ್ತದೆ.

ಊರಿಗೆ ಹೋಗಲು ಆಗದಲ್ಲ ಎಂದರೆ, ಮೊದಲನೇ ಕಾರು ಇರುವುದೇಕೆ? ಬ್ಯಾಟರಿ ಸತ್ತರೆ ಎಂಬ ಭಯ ಮಾತ್ರ ನ್ಯಾಯವಾದದ್ದು: ಹೊಸ ಬ್ಯಾಟರಿಯ ಬೆಲೆ ಹಳೇ ಕಾರಿನ ಬೆಲೆಯನ್ನೇ ಮೀರಿಸಬಹುದು. ಅಪಾರ್ಟ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟಿಗೆ ಕಾರ್ಯದರ್ಶಿಗಳ ಒಪ್ಪಿಗೆ ಪಡೆಯುವುದು ಅದಕ್ಕಿಂತ ದುಬಾರಿ. ಕೊಳ್ಳುವ ಮುನ್ನ ಪೂರ್ತಿ ಚಾರ್ಜ್ ಮಾಡಿಸಿ, ಏಸಿ ಹಾಕಿ ಓಡಿಸಿ ನೋಡಿ. ಆಮೇಲೆ ಚೌಕಾಸಿ ಮಾಡಿ.