ಕನ್ನಡಿಯೊಳಗಿನ ಬಾಣ

ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ, ಹೊಂಗೆಮರದ ಕೆಳಗೆ, 2004ರ ಬಿಳಿ ಮಾರುತಿ 800 ನಿಂತಿರುತ್ತದೆ. ಅದರ ಒಡೆಯರು 31 ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಹೆಸರು ಏನೇ ಇರಲಿ, ಬೀದಿಗೆಲ್ಲ ಅವರು ಮೇಷ್ಟ್ರು. ಕಾರು ಗಾಂಧಿ ಬಜಾರು, ಬ್ಯಾಂಕು, ಮಗಳ ಮನೆ ಬಿಟ್ಟು ಬೇರೆ ಲೋಕ ಕಂಡಿದ್ದು ಕಡಿಮೆ. ವಾರಕ್ಕೊಮ್ಮೆ ಸ್ನಾನ, ಆಯುಧಪೂಜೆಗೆ ಬೂದುಗುಂಬಳಕಾಯಿ, ಚಕ್ರಕ್ಕೆ ನಿಂಬೆಹಣ್ಣು. ಅದಕ್ಕೆ ಯಾವ ಕೊರತೆಯೂ ಇರಲಿಲ್ಲ, ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಮೇಷ್ಟ್ರ ಹೆಂಡತಿ ಬಾಯಿ ಬಿಡುವವರೆಗೆ.

ಪಕ್ಕದಲ್ಲಿ ಒಂದು ಹೊಸ ಕಾರು ನಿಂತಿತ್ತು. ಅದರ ಕನ್ನಡಿಯ ಅಂಚಿನಲ್ಲಿ ಅರಿಶಿನ ಬಣ್ಣದ ಬೆಳಕು ಮಿಣುಕ್ ಮಿಣುಕ್ ಅನ್ನುತ್ತಿತ್ತು.

"ನೋಡ್ರೀ, ಕಾರಿಗೆ ಓಲೆ ಹಾಕಿದಾರೆ. ಎಷ್ಟು ಲಕ್ಷಣವಾಗಿದೆ!"

ಆಕೆ ಮುಂದೆ ಏನೂ ಹೇಳಲಿಲ್ಲ. ನಮ್ಮ ಕಾರಿನ ಕಿವಿ ಬೋಳು ಅಂತ ಸೂಚಿಸಲಿಲ್ಲ. ಆದರೆ ಹಸಿರು ದೀಪ ಬಂದು, ಹಿಂದಿನವರು ಹಾರನ್ ಹೊಡೆದು, ಆಟೋದವನೊಬ್ಬ ಕಿಟಕಿಗೆ ಬಗ್ಗಿ ವಿಚಾರಿಸುವ ಹೊತ್ತಿಗೆ ಮೇಷ್ಟ್ರ ತಲೆಯಲ್ಲಿ ಸರ್ಕ್ಯೂಟ್ ಅರ್ಧ ತಯಾರಾಗಿತ್ತು.

ಕಾರಿನ ಕನ್ನಡಿಗೆ ಇಂಡಿಕೇಟರ್ ಕೂರಿಸುವುದು ಬರೀ ಶೋಕಿಯಲ್ಲ. 1998ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರು ಈ ಏರ್ಪಾಡಿನೊಂದಿಗೆ ಬಂದಾಗ ಅದು ಶ್ರೀಮಂತರ ಮನೆಯ ಆಭರಣದ ಹಾಗೆ ಕಂಡಿದ್ದು ನಿಜ. ಆದರೆ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಮುಂದಿನ ದೀಪ ಮುಂದಿನವರಿಗೆ ಕಾಣುತ್ತದೆ, ಹಿಂದಿನದು ಹಿಂದಿನವರಿಗೆ. ಮಗ್ಗುಲಲ್ಲೇ ಅಂಟಿಕೊಂಡು ಬರುವವನ ಪಾಲಿಗೆ ಎರಡೂ ಇಲ್ಲ. ಕನ್ನಡಿಯಾದರೋ ಅವನ ಕಣ್ಣಿನ ಮಟ್ಟದಲ್ಲಿ, ಕಾರಿನ ಮೈಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಒಂದು ಗೇಣು ಜಾಗ ಸಿಕ್ಕರೆ ಮೂರು ಸ್ಕೂಟರು ತೂರುವ ಬೆಂಗಳೂರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಒಂದೇ ತೊಡಕು. ನಮ್ಮಲ್ಲಿ ಕನ್ನಡಿಯ ಸ್ಥಾನಮಾನವೇ ಬೇರೆ. ಬಹಳ ಕಾಲ ನಮ್ಮ ಸಣ್ಣ ಕಾರುಗಳ ಅಗ್ಗದ ಮಾದರಿಗಳಿಗೆ ಬಲಗಡೆ ಮಾತ್ರ ಕನ್ನಡಿ ಬರುತ್ತಿತ್ತು. ಎಡಗಡೆಯದು ಬೇಕಿದ್ದವರು ಜೆ.ಸಿ. ರಸ್ತೆಗೆ ಹೋಗಿ, ಸೀಟ್ ಕವರ್, ಮಣಿಯ ಹಾಸು, ಡ್ಯಾಶ್‌ಬೋರ್ಡಿನ ಗಣಪತಿಯ ಜೊತೆಗೆ ಅದನ್ನೂ ಕೊಂಡು ಹಾಕಿಸಬೇಕಿತ್ತು. ಹಾಕಿಸಿದ ಮೇಲೆ ಬೈಕಿನವರ ಹ್ಯಾಂಡಲ್ ತಾಗಿ ಅದು ವಾರಕ್ಕೊಮ್ಮೆ ತಿರುಗುತ್ತಿತ್ತು. ಕೊನೆಗೆ ಒಡೆಯನೇ ಬೇಸತ್ತು ಮಡಚಿಡುತ್ತಿದ್ದ. ಇವತ್ತಿಗೂ ಎಡಗನ್ನಡಿ ಮಡಚಿಕೊಂಡೇ ಊರೆಲ್ಲ ಓಡಾಡುವ ಕಾರುಗಳನ್ನು ಕಾಣಬಹುದು, ತಲೆನೋವಿಗೆ ಒಂದು ಕಿವಿ ಮುಚ್ಚಿಕೊಂಡವರ ಹಾಗೆ.

ಇನ್ನು ಇಂಡಿಕೇಟರ್ ಭಾಷೆ. ಆಟೋದವರು ಎಡಕ್ಕೆ ಹೋಗುವಾಗ ಎಡಗಾಲನ್ನು ಸ್ವಲ್ಪವೇ ಹೊರಗಿಡುತ್ತಾರೆ. ಅಷ್ಟು ಸಂಕ್ಷಿಪ್ತವಾದ ಸೂಚನೆಯನ್ನು ಯಾವ ವ್ಯಾಕರಣವೂ ಕಂಡಿಲ್ಲ. ಬಸ್ಸಿನ ಕಂಡಕ್ಟರು ತಗಡಿನ ಮೈಗೆ ಎರಡು ಬಡಿದು "ರೈಟ್" ಅಂದರೆ ಬಸ್ಸು ಎಡಕ್ಕೂ ಹೋಗಬಹುದು. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಸರ್ಕಲ್ ದಾಟುವವನು "ನಾನು ನೇರ ಹೋಗ್ತೀನಪ್ಪ" ಅನ್ನುತ್ತಿದ್ದಾನೆ. ಇನ್ನು ಕೆಲವರದು ಹೋದ ತಿರುವಿನಲ್ಲಿ ಹಾಕಿದ ಇಂಡಿಕೇಟರು; ಅದು ಮುಂದಿನ ತಿರುವಿಗೂ ಹರಸುತ್ತಾ ಮಿನುಗುತ್ತಿರುತ್ತದೆ. ಇಂಥ ಬಹುಭಾಷಾ ನಗರದಲ್ಲಿ ಶುದ್ಧ ವ್ಯಾಕರಣ ಮಾತಾಡಲು ಹೊರಟವರು ನಮ್ಮ ಮೇಷ್ಟ್ರು.

ಮರುದಿನ ಅವರು ಎಸ್.ಪಿ. ರೋಡಿನಲ್ಲಿದ್ದರು. ಸದರ್ ಪತ್ರಪ್ಪ ರಸ್ತೆ ಅನ್ನುವ ಪೂರ್ತಿ ಹೆಸರನ್ನು ಅಲ್ಲಿನವರೇ ಹೇಳುವುದು ಅಪರೂಪ. ಟ್ರಾನ್ಸಿಸ್ಟರಿನಿಂದ ಹಿಡಿದು ಟಿವಿಯ ಹೊಟ್ಟೆಯವರೆಗೆ ಸಿಗದೆ ಇರುವುದು ಪಾರ್ಕಿಂಗ್ ಜಾಗ ಮಾತ್ರ. ಮೇಷ್ಟ್ರು ಕಾರು ಬಿಟ್ಟು ಬಸ್ಸಿನಲ್ಲಿ ಹೋಗಿದ್ದರು, ಕಾರಿನ ಸಾಮಾನು ತರಲು.

"ಆಂಬರ್ ಎಲ್‌ಇಡಿ ಬೇಕು. ಐದು ಮಿಲಿಮೀಟರಿನದು. 18."

ಅಂಗಡಿಯ ಹುಡುಗ ಚೀಟಿಯಿಂದ ತಲೆ ಎತ್ತಲಿಲ್ಲ. "ಯೆಲ್ಲೋ ಕೊಡ್ಲಾ ಅಂಕಲ್, ಎರಡೂ ಒಂದೇ."

ಎರಡೂ ಒಂದಲ್ಲ ಅನ್ನುವುದಕ್ಕೆ ಮೇಷ್ಟ್ರು ಕಾಲು ಗಂಟೆ ತೆಗೆದುಕೊಂಡರು. 1962ರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದ್ದು, ಅವರ ಶಿಷ್ಯ ಜಾರ್ಜ್ ಕ್ರಾಫರ್ಡ್ 1972ರಲ್ಲಿ ಹಳದಿ ಎಲ್‌ಇಡಿ ತಂದದ್ದು, ಗುರುವಿಗಿಂತ ಶಿಷ್ಯ ಒಂದು ಬಣ್ಣ ಮುಂದೆ ಹೋಗಿದ್ದು ಎಲ್ಲವೂ ಬಂತು. ಹಿಂದೆ ನಿಂತ ಮೂವರು ಗಿರಾಕಿಗಳೂ ಕೇಳಿಸಿಕೊಂಡರು, ಬೇರೆ ದಾರಿ ಇರಲಿಲ್ಲ. ಹುಡುಗ ಎರಡು ಬಣ್ಣದ್ದೂ ಒಂದೊಂದು ಹಿಡಿ ಪೊಟ್ಟಣಕ್ಕೆ ಹಾಕಿ, "ತಗೊಂಡ್ ಹೋಗಿ ಸಾರ್" ಅಂದ. ಅಂಕಲ್ ಸಾರ್ ಆಗಿದ್ದನ್ನು ಮೇಷ್ಟ್ರು ಗಮನಿಸಿದರು.

ಹೊರಗಿನ ಅಂಚಿನಲ್ಲಿ ದೀಪ ಅಂಟಿಸುವುದು ಎಲ್ಲರೂ ಮಾಡುವ ಕೆಲಸ. ಮೇಷ್ಟ್ರಿಗೆ ಬೇಕಿದ್ದು ಬಾಣ. ಅಮೆರಿಕದ ದೊಡ್ಡ ಕಾರುಗಳಲ್ಲಿ ಕನ್ನಡಿಯ ಗಾಜಿನ ಹಿಂದೆಯೇ ಎಲ್‌ಇಡಿಗಳ ಬಾಣ ಇರುತ್ತದೆ. ಆರಿದ್ದಾಗ ಬರೀ ಕನ್ನಡಿ, ಹತ್ತಿದಾಗ ಮಾತ್ರ ಬಾಣ. ಸಾಮಾನ್ಯ ಕನ್ನಡಿಯ ಹಿಂಬದಿಯ ಬಣ್ಣವನ್ನೂ ಅದರಡಿಯ ಹೊಳಪಿನ ಪದರವನ್ನೂ ಬಾಣದಾಕಾರದಲ್ಲಿ ಕೆರೆದು ತೆಗೆದರೆ ಅಲ್ಲಿ ಗಾಜು ಪಾರದರ್ಶಕ. ಹಿಂದೆ ದೀಪ ಇಟ್ಟರಾಯಿತು.

ಲೆಕ್ಕ ಹಾಲು ಕುಡಿದಷ್ಟು ಸುಲಭ. ಒಂದು ಆಂಬರ್ ಎಲ್‌ಇಡಿಗೆ ಸುಮಾರು 2 ವೋಲ್ಟ್. ಮೂರನ್ನು ಸಾಲಾಗಿ ಪೋಣಿಸಿದರೆ 6. ಕಾರಿನ ಬ್ಯಾಟರಿ 12 ಅಂತ ಬರೆದಿದ್ದರೂ ಎಂಜಿನ್ ಓಡುವಾಗ ಅದು 14ರ ಆಚೀಚೆ ಇರುತ್ತದೆ. ಉಳಿದ 8 ವೋಲ್ಟನ್ನು ರೆಸಿಸ್ಟರ್ ನುಂಗಬೇಕು. 20 ಮಿಲಿಆಂಪಿಯರ್ ಹರಿಯಲು 400 ಓಮ್. ಅಂಗಡಿಯಲ್ಲಿ ಸಿಗುವುದು 390. ಕನ್ನಡಿಗೆ ಇಂಥ ಮೂರು ಸಾಲು, 9 ದೀಪ, ಒಟ್ಟು 60 ಮಿಲಿಆಂಪಿಯರ್. ಕಾರಿನ ಹಿಂದಿನ ಇಂಡಿಕೇಟರಿನ ಬಲ್ಬೋ 21 ವ್ಯಾಟಿನದು, ಸುಮಾರು ಒಂದೂಮುಕ್ಕಾಲು ಆಂಪಿಯರ್ ಕುಡಿಯುತ್ತದೆ. ಇದನ್ನೆಲ್ಲ ಮೇಷ್ಟ್ರು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಬರೆದರು. ಆ ತಿಂಗಳು ಹಾಲಿನವನಿಗೆ 390 ರೂಪಾಯಿ ಹೆಚ್ಚು ಹೋಯಿತೆಂದು ಮನೆಯಾಕೆ ಇಂದಿಗೂ ಹೇಳುತ್ತಾರೆ.

ಊಟದ ಮೇಜು ಪ್ರಯೋಗಶಾಲೆಯಾಯಿತು. ಸಾಲ್ಡರಿಂಗ್ ಐರನ್ ಕಾಯ್ದು, ಪೇಸ್ಟು ಚುರ್ ಅಂದು, ಅಡುಗೆಮನೆಯ ಒಗ್ಗರಣೆಗೂ ಅದಕ್ಕೂ ಪೈಪೋಟಿ ಬಿತ್ತು. ಓಮನ ನಿಯಮವನ್ನು 31 ವರ್ಷ ಕರಿಹಲಗೆಯ ಮೇಲೆ ಬರೆದವರಿಗೆ ಕಾದ ಸೀಸ ಹೆಬ್ಬೆರಳಿಗೆ ಬಿದ್ದಾಗ ಹೇಳಬೇಕಾದ ಪದ ಮಾತ್ರ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಆ ಪದ ಆಕೆಗೆ ಕೇಳಿಸಿತು. ಮೊಮ್ಮಗ ಮನೆಯಲ್ಲಿರಲಿಲ್ಲ, ಪುಣ್ಯ.

ಗಾಜು ಕೆರೆಯುವ ಕೆಲಸಕ್ಕೆ ಕೂತಾಗ ರಾತ್ರಿ ಹತ್ತು. ಆಕೆ ಎದುರಿಗೆ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ಕೈ ಕೆಲಸ ಮಾಡುವಾಗ ಬಾಯಿ ಸುಮ್ಮನಿದ್ದರೆ ಮೇಷ್ಟ್ರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಇಂಡಿಕೇಟರಿನ ಇತಿಹಾಸ ಶುರುವಾಯಿತು.

"ಇದನ್ನ ಮೊದಮೊದಲು ಯೋಚಿಸಿದವರಲ್ಲಿ ಒಬ್ಬಳು ಸಿನಿಮಾ ನಟಿ, ಗೊತ್ತೇನೇ? ಫ್ಲಾರೆನ್ಸ್ ಲಾರೆನ್ಸ್ ಅಂತ. ಮೂಕಿ ಚಿತ್ರದ ಕಾಲ, 1914ರ ಸುಮಾರು. ಗುಂಡಿ ಒತ್ತಿದರೆ ಕಾರಿನ ಹಿಂದೆ ಒಂದು ಕೈ ಏಳೋದು. ಪೇಟೆಂಟೇ ಮಾಡಿಸಲಿಲ್ಲ ಮಹಾರಾಯ್ತಿ."

"ಪಾಪ," ಅಂದರು ಆಕೆ. "ಗಂಡ ಹೇಳಬಾರದಾಗಿತ್ತೇ?"

ಮೇಷ್ಟ್ರ ಬ್ಲೇಡು ಗಾಜಿನ ಬೆನ್ನ ಮೇಲೆ ಸರ್ ಸರ್ ಎಂದು ಓಡುತ್ತಿತ್ತು. ಮಾರಿಸ್ ಮೈನರ್ ಕಾರಿನ ಬಾಗಿಲ ಕಂಬದಿಂದ ಮೀನಿನ ರೆಕ್ಕೆಯ ಹಾಗೆ ಹೊರಗೆ ಬರುತ್ತಿದ್ದ ಕಿತ್ತಳೆ ಬಣ್ಣದ ಕಡ್ಡಿ ಬಂತು. 1939ರಲ್ಲಿ ಬ್ಯೂಯಿಕ್ ಕಾರಿಗೆ ಕಾರ್ಖಾನೆಯಲ್ಲೇ ಹಾಕಿ ಕಳಿಸಿದ ಮಿನುಗುವ ದೀಪ ಬಂತು. 1965ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಹಿಂದೆ ಒಂದಾದ ಮೇಲೊಂದು ಹತ್ತಿ ಓಡುತ್ತಿದ್ದ ದೀಪಗಳೂ ಬಂದವು. ಚಿಪ್ಪಿಲ್ಲದ ಕಾಲ, ಅದನ್ನು ನಡೆಸಲು ಡಿಕ್ಕಿಯೊಳಗೆ ಒಂದು ಪುಟ್ಟ ಮೋಟಾರೇ ತಿರುಗುತ್ತಿತ್ತಂತೆ. ಹುರುಳಿಕಾಯಿ ಮುಗಿಯಿತು. ಬಾಣವೂ ಮುಗಿಯಿತು. ಚೂಪಾದ, ನೇರವಾದ, ಎಡಕ್ಕೆ ಮುಖ ಮಾಡಿದ ಸುಂದರ ಬಾಣ.

ಮೇಷ್ಟ್ರು ಹಿಂದೆ ದೀಪ ಕೂರಿಸಿ, ಹಳೆಯ ಸ್ಕೂಟರ್ ಬ್ಯಾಟರಿಗೆ ತಂತಿ ತಾಗಿಸಿ, ಕನ್ನಡಿಯನ್ನು ಹೆಂಡತಿಯ ಕಡೆ ತಿರುಗಿಸಿ ಹಿಡಿದರು. "ಹೇಗಿದೆ ಎಡದ ಓಲೆ?"

"ಚೆನ್ನಾಗಿದೆ. ಆದರೆ ಬಲಕ್ಕೆ ತೋರಿಸ್ತಿದೆ."

ಗಾಜಿನ ಬೆನ್ನ ಮೇಲೆ ಎಡಕ್ಕೆ ಬರೆದದ್ದು ಮುಖದಿಂದ ನೋಡಿದವನಿಗೆ ಬಲಕ್ಕೆ ಕಾಣುತ್ತದೆ. ಅಂಗಡಿಯ ಗಾಜಿನ ಬಾಗಿಲಿನ ಅಕ್ಷರ ಒಳಗಿನಿಂದ ತಿರುಗುಮುರುಗಾಗಿ ಕಾಣುವುದನ್ನು, ಆಂಬುಲೆನ್ಸಿನ ಮುಂದೆ ಹೆಸರನ್ನು ಉಲ್ಟಾ ಬರೆಯುವುದನ್ನು ವರ್ಷಕ್ಕೆ ಎರಡು ಸೆಕ್ಷನ್ನಿನಂತೆ 31 ವರ್ಷ ಹೇಳಿದವರು ಅವರು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಎರಡು ಅಂಕ. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ರಾತ್ರಿ ಮೇಷ್ಟ್ರು ಬಹಳ ಹೊತ್ತು ಕೂರಲಿಲ್ಲ, ಹಜಾರದಲ್ಲಿ ನಿಂತೇ ಇದ್ದರು.

"ಇದನ್ನ ಬಲಗಡೆಗೆ ಹಾಕಿಬಿಡಿ," ಅಂದರು ಆಕೆ ಸಮಾಧಾನಕ್ಕೆ. ಆಗುವುದಿಲ್ಲ. ಬಲದ ಗಾಜಿನ ಆಕಾರವೂ ಎಡದ್ದಕ್ಕೆ ತಿರುಗುಮುರುಗು. ಮತ್ತೆ ಜೆ.ಸಿ. ರಸ್ತೆ, ಮತ್ತೆ ಗಾಜು.

ತಂತಿ ಎಳೆಯುವ ಕಥೆಯನ್ನು ಚಿಕ್ಕದಾಗಿ ಮುಗಿಸಬಹುದು, ಮೇಷ್ಟ್ರು ಮುಗಿಸಿದ್ದು ಒಂಬತ್ತು ದಿನಕ್ಕೆ. ಬಾಗಿಲಿನ ಒಳಹಲಗೆ ಬಿಚ್ಚಿ, ಕನ್ನಡಿಯ ಕಾಲಿನಿಂದ ತಂತಿ ಇಳಿಸಿ, ಕೀಲಿನ ಹತ್ತಿರ ತೂತಿಗೆ ರಬ್ಬರ್ ಬುಷ್ ಹಾಕಿ, ಮಡ್‌ಗಾರ್ಡಿನ ಮಗ್ಗುಲಲ್ಲಿರುವ ಪುಟ್ಟ ಇಂಡಿಕೇಟರಿನ ತಂತಿಗೆ ಸೇರಿಸಿದರು. ಮಳೆನೀರಿಗೆ ಸಿಲಿಕೋನ್, ಸಂದಿಗೆ ಎಂ-ಸೀಲ್. ಬಾಗಿಲು ಮತ್ತೆ ಜೋಡಿಸಿದಾಗ ಐದು ಸ್ಕ್ರೂ ಉಳಿದವು. ಬಾಗಿಲು ಹಾಕಿಕೊಳ್ಳುತ್ತಿತ್ತು, ಆದ್ದರಿಂದ ಅವು ಹೆಚ್ಚುವರಿ ಎಂದು ತೀರ್ಮಾನವಾಯಿತು.

ಸಂಜೆ ಬೀದಿಯ ಮಕ್ಕಳ ಮುಂದೆ ಉದ್ಘಾಟನೆ. ಬಾಣ ಹತ್ತಿತು, ಆರಿತು, ಹತ್ತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಉತ್ಸಾಹದಲ್ಲಿ ಮೇಷ್ಟ್ರು ಹಿಂದಿನ 21 ವ್ಯಾಟಿನ ಬಲ್ಬುಗಳನ್ನೂ ಕಿತ್ತು ಎಲ್‌ಇಡಿ ಹಾಕಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಇಂಡಿಕೇಟರ್ ಹಾಕಿದ್ದೇ ತಡ, ಟಿಕಟಿಕಟಿಕಟಿಕ ಎಂದು ಮೈಮೇಲೆ ದೇವರು ಬಂದವರ ಹಾಗೆ ಹೊಡೆದುಕೊಳ್ಳತೊಡಗಿತು. ವಾಚು ಹಿಡಿದು ಎಣಿಸಿದರೆ ನಿಮಿಷಕ್ಕೆ 160ರ ಮೇಲೆ. ಕೇಂದ್ರ ಮೋಟಾರು ವಾಹನ ನಿಯಮ ಹೇಳುವುದು 60ರಿಂದ 120.

ಕಾರನ್ನು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದರು. ಅವನು ಅವರದೇ ಹಳೆಯ ವಿದ್ಯಾರ್ಥಿ, ಭೌತಶಾಸ್ತ್ರದಲ್ಲಿ ಮೂರು ಸಲ ಕೂತವನು. ಬಾನೆಟ್ ಎತ್ತಲೂ ಇಲ್ಲ, ಶಬ್ದ ಕೇಳಿಯೇ ಹೇಳಿದ. "ಫ್ಲಾಷರ್‌ಗೆ ಲೋಡ್ ಸಾಲ್ತಿಲ್ಲ ಸಾರ್. ಬಲ್ಬ್ ಸುಟ್ಟೋಗಿದೆ ಅನ್ಕೊಂಡು ಬಡ್ಕೊಳ್ತಾ ಇದೆ."

ವಿಷಯ ಅದೇ. ಹರಿಯುವ ಕರೆಂಟು ಇಳಿದರೆ ಬಲ್ಬು ಹೋಗಿದೆ ಎಂದು ಡ್ರೈವರಿಗೆ ತಿಳಿಸಲು ಫ್ಲಾಷರ್ ವೇಗ ಏರಿಸುತ್ತದೆ. ಕನ್ನಡಿಯ ಬಾಣ ಹಳೆಯ ಬಲ್ಬಿನ ಜೊತೆಗೆ ಸೇರಿದ್ದರಿಂದ ಅದರ ತಂಟೆ ಇರಲಿಲ್ಲ. ಬಲ್ಬನ್ನೇ ತೆಗೆದಾಗ ಫ್ಲಾಷರ್ ಗಾಬರಿಯಾಯಿತು. ಮೇಷ್ಟ್ರು 6 ಓಮಿನ, 50 ವ್ಯಾಟಿನ ರೆಸಿಸ್ಟರ್ ಸೇರಿಸುವ ಮಾತೆತ್ತಿದರು. ಸುಳ್ಳು ಹೊರೆ ತೋರಿಸಿ ಫ್ಲಾಷರನ್ನು ನಂಬಿಸುವ ಉಪಾಯ ಅದು.

"ಅದು ಕಾದು ವೈರೇ ಕರಗ್ತದೆ ಸಾರ್. ಉಳಿಸಿದ ಕರೆಂಟ್‌ನೆಲ್ಲಾ ಬಿಸಿ ಮಾಡಿ ಕಳೀಬೇಕಾ? ಹಳೇ ಬಲ್ಬೇ ಹಾಕ್ಬಿಡ್ಲಾ?"

ಮೇಷ್ಟ್ರು ಒಂದು ಕ್ಷಣ ತಡೆದು, "ಹಾಕು" ಅಂದರು. ಬೆಂಚಿನ ಮೇಲೆ ನಿಂತಿದ್ದವರು ಈಗ ಯಾರು ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನು ದುಡ್ಡು ತೆಗೆದುಕೊಳ್ಳಲಿಲ್ಲ.

ಕಾನೂನಿನ ಮಾತು ಬಂದರೆ ಮೇಷ್ಟ್ರು ಕೆಮ್ಮುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರೂಪ ಬದಲಿಸಬೇಡಿ ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒತ್ತಿ ಹೇಳಿತು. ಹಿಂದೆ ಬರುವವನ ಕಣ್ಣು ಕುಕ್ಕುವ ನೀಲಿ ಪಟ್ಟಿಗಳನ್ನು ನೋಡಿದವರು ಕೋರ್ಟಿನ ಪಕ್ಷವೇ ವಹಿಸುತ್ತಾರೆ. ಹದಿನೈದು ವರ್ಷ ದಾಟಿದ ಕಾರಾದ್ದರಿಂದ ಐದು ವರ್ಷಕ್ಕೊಮ್ಮೆ ಎಫ್‌ಸಿ ತಪಾಸಣೆ ಬೇರೆ. ಆ ದಿನಕ್ಕೆಂದು ಹಳೆಯ ಜೋಡಿ ಕನ್ನಡಿಯನ್ನು ಮೇಷ್ಟ್ರು ಪತ್ರಿಕೆಯಲ್ಲಿ ಸುತ್ತಿ, ಮದುವೆ ಸೀರೆಯ ಪಕ್ಕ ಬೀರುವಿನಲ್ಲಿಟ್ಟಿದ್ದಾರೆ.

ಬಾಣದ ನಿಜವಾದ ಪರೀಕ್ಷೆ ನಡೆದದ್ದು ಒಂದು ಶನಿವಾರ ಸಂಜೆ, ಗಾಂಧಿ ಬಜಾರಿನಿಂದ ವಾಪಸು ಬರುವಾಗ. ಹೂವಿನ ಬುಟ್ಟಿ, ಸೊಪ್ಪಿನ ಗಾಡಿ, ಅಡ್ಡ ನಿಂತ ಟೆಂಪೋ. ಎಡಗಡೆ ತೂರಿಬಂದ ಆಟೋದವನು ಮೇಷ್ಟ್ರ ಕಡೆ ಕೈ ಬೀಸಿದ. "ಸಾರ್, ಕನ್ನಡಿ ಮಡಚ್ರೀ, ಹೋಗ್ತೀನಿ." ಹೇಳಿದವನು ಕಾಯಲಿಲ್ಲ, ತಾನೇ ಕೈ ಚಾಚಿ ಪಟ್ಟನೆ ಮಡಚಿ ಹೊರಟೇ ಹೋದ.

ಮನೆಯ ತಿರುವು ಬಂತು. ಮೇಷ್ಟ್ರು ಎಡ ಇಂಡಿಕೇಟರ್ ಹಾಕಿದರು. ಮಡಚಿದ ಕನ್ನಡಿ ಕಿಟಕಿಗೆ ಮುಖ ಮಾಡಿತ್ತು. ಒಂಬತ್ತು ದೀಪದ ಬಾಣ ಪಕ್ಕದ ಸೀಟಿನಲ್ಲಿ ಕೂತಿದ್ದ ಆಕೆಯ ಕೆನ್ನೆಯ ಮೇಲೆ ಮಿನುಗತೊಡಗಿತು, ಮೊನೆ ಹಿಂದಿನ ಸೀಟಿನ ಕಡೆಗೆ.

"ಯಾಕ್ರೀ, ನಾನು ಹಿಂದೆ ಹೋಗಿ ಕೂತ್ಕೋಬೇಕಾ?"

ಹಿಂದೆ ಸ್ಕೂಟರೊಂದು ಎಡಗಡೆ ಸಂದಿಗೆ ಮೂತಿ ತೂರಿಸುತ್ತಿತ್ತು. ಆಕೆ ಮಡಿಲಲ್ಲಿದ್ದ ಸೇವಂತಿಗೆಯ ಪೊಟ್ಟಣವನ್ನು ಕೆಳಗಿಟ್ಟು, ಗಾಜು ಇಳಿಸಿ, ಹಸಿರು ಬಳೆಯ ಕೈಯನ್ನು ಹೊರಗೆ ಹಾಕಿ ತಡೆಯುವಂತೆ ಅಂಗೈ ಅಗಲಿಸಿದರು. ಸ್ಕೂಟರಿನವನು ಗಕ್ಕನೆ ನಿಂತ.

"ಹೂಂ, ತಿರುಗಿಸಿ," ಅಂದರು.