ಸುಳ್ಳಿಗೊಂದು ಲೆಕ್ಕಾಚಾರ

"ಇಂಥ ಸುಳ್ಳು ಕಥೆ ಓದಿದರೆ ಹೊಟ್ಟೆ ತುಂಬುತ್ತಾ?" ಎಂದು ಬೈಸಿಕೊಳ್ಳದೆ ಬೆಳೆದ ಪುಸ್ತಕದ ಹುಳು ಕನ್ನಡನಾಡಿನಲ್ಲಿ ಇರಲಾರದು. ನಮ್ಮ ಮನೆಯಲ್ಲಿ ಈ ಬೈಗುಳದ ಗುತ್ತಿಗೆ ಸೋದರಮಾವನದು. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ ಟೆಲಿಫೋನು ತಯಾರಿಸಿ ನಿವೃತ್ತನಾದವನು. ಫೋನಿನ ಹೊಟ್ಟೆಯೊಳಗೆ ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ಅವನ ಪ್ರಕಾರ ಪುಸ್ತಕವೆಂದರೆ ಮೂರೇ: ರೈಲ್ವೆ ಟೈಮ್‌ಟೇಬಲ್, ಜನರಲ್ ನಾಲೆಜ್ ಗೈಡು, ಪಂಚಾಂಗ. ಉಳಿದದ್ದೆಲ್ಲ ಕಾಗಕ್ಕ ಗುಬ್ಬಕ್ಕನ ಕಥೆ.

ಇದೇ ಮಾವ ಈಚೆಗೆ ಒಬ್ಬ ಬ್ರೋಕರ್ ಮೇಜಿನ ಮೇಲೆ ಬಿಚ್ಚಿ ಹರಡಿದ ಬಣ್ಣದ ನಕ್ಷೆಯನ್ನು ನೋಡಿ ಸೈಟಿಗೆ ಅಡ್ವಾನ್ಸ್ ಕೊಟ್ಟುಬಂದ. ನಕ್ಷೆಯಲ್ಲಿ ನೀಲಿ ಈಜುಕೊಳ, ಕ್ಲಬ್ ಹೌಸು, ನಾಯಿ ಹಿಡಿದುಕೊಂಡು ಓಡುತ್ತಿರುವ ಒಬ್ಬಳು ಹೆಂಗಸು, ವಿಮಾನ ನಿಲ್ದಾಣಕ್ಕೆ ಹೋಗಲು ಬೆರಳೆಣಿಕೆಯ ನಿಮಿಷ. ಜಾಗಕ್ಕೆ ಹೋಗಿ ನೋಡಿದರೆ ನೀಲಗಿರಿ ತೋಪು, ಒಂದು ಎಮ್ಮೆ. ಆ ನಕ್ಷೆ ಮನೆಗೆ ಬಂದ ದಿನವೇ ನನ್ನ ತಂಗಿಯ ಮಗಳು ಪುಟ್ಟಿ ಅದರ ಮೇಲೆ ಬಗ್ಗಿ, "ತಾತ, ಇದರಲ್ಲಿ ಎಲ್ಲಾ ಮರಾನೂ ಒಂದೇ ಥರ ಇದೆಯಲ್ಲ, ಒಂದಕ್ಕೂ ನೆರಳೇ ಇಲ್ಲ, ಯಾಕೆ?" ಎಂದು ಕೇಳಿದ್ದಳು. ತಾತ ಅವಳಿಗೆ ಹೋಗಿ ಮಗ್ಗಿ ಓದಿಕೋ ಎಂದಿದ್ದ.

ಅದ್ಭುತ ಕಥೆಗಳನ್ನು ಮಕ್ಕಳು ನಂಬಿಬಿಡುತ್ತಾರೆ ಎನ್ನುವುದು ದೊಡ್ಡವರು ತಮಗೆ ತಾವೇ ಹೇಳಿಕೊಂಡ ಕಥೆ ಎಂದು ನನಗೆ ಆವತ್ತಿನಿಂದ ಗಟ್ಟಿಯಾಗಿ ಅನ್ನಿಸುತ್ತಿದೆ. ಹಾರುವ ಕಂಬಳಿ ಇರಲಿ, ಮಾತಾಡುವ ಮೊಸಳೆ ಇರಲಿ, ಮಗು ಅದನ್ನು ಮೊದಲು ಪೊಲೀಸ್ ಠಾಣೆಗೆ ಕರೆಸುತ್ತದೆ. ಕಂಬಳಿ ಮಳೆಯಲ್ಲಿ ನೆನೆದರೆ ಹಾರುತ್ತಾ? ಎಷ್ಟು ಜನ ಕೂರಬಹುದು? ಮೊಸಳೆಗೆ ಕನ್ನಡ ಕಲಿಸಿದ್ದು ಯಾರು? ಕಥೆ ಹೇಳುವವರು ಇಲ್ಲಿ ತಡವರಿಸಿದರೆ ಮುಗಿಯಿತು, ಮಗು ಎದ್ದು ಹೋಗುತ್ತದೆ. 1939ರಲ್ಲಿ ಟೋಲ್ಕಿನ್ ಎಂಬ ಇಂಗ್ಲಿಷ್ ಮೇಷ್ಟ್ರು ಸ್ಕಾಟ್‌ಲೆಂಡಿನಲ್ಲಿ ಒಂದು ಉಪನ್ಯಾಸ ಕೊಟ್ಟು, ಕಥೆಗಾರ ಎರಡನೆಯದೊಂದು ಲೋಕವನ್ನು ಕಟ್ಟುತ್ತಾನೆ, ಆ ಲೋಕದ ಕಾಯಿದೆಗೆ ಅವನೂ ಬದ್ಧನಾಗಿರಬೇಕು, ಎಲ್ಲಿ ಕಾಯಿದೆ ಮುರಿಯಿತೋ ಅಲ್ಲಿ ಮಾಯೆ ಹರಿಯಿತು ಎಂಬರ್ಥದ ಮಾತಾಡಿದ್ದರು. ವಿದ್ವಾಂಸರು ಈಗಲೂ ಅದನ್ನು ಉದ್ಧರಿಸುತ್ತಾರೆ. ಪುಟ್ಟಿಯಂಥವರಿಗೆ ಅದು ಹುಟ್ಟಾ ಗೊತ್ತು.

ನಾನು ಈ ವಿದ್ಯೆ ಕಲಿತದ್ದು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದಿಂದ ಕೂಗಳತೆಯಲ್ಲಿದ್ದ ಒಂದು ವಠಾರದಲ್ಲಿ. ವಠಾರವೆಂದರೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ವಠಾರ; ಒಂದು ಬಾಗಿಲಿಗೆ ಒಂದು ಭಾಷೆ. ನಮ್ಮ ಮನೆಗೆ ಕನ್ನಡದ 'ಚಂದಮಾಮ' ಬರುತ್ತಿತ್ತು, ಎದುರು ಮನೆಗೆ ತಮಿಳಿನ 'ಅಂಬುಲಿಮಾಮಾ', ಮೂಲೆಮನೆಗೆ ತೆಲುಗಿನದು. ತೆಲುಗು, ತಮಿಳಿನವು 1947ರ ಜುಲೈನಲ್ಲಿ ಹುಟ್ಟಿದವು, ನಮ್ಮದು 1949ರಲ್ಲಿ. ಆದರೆ ಮೂರರಲ್ಲೂ ಚಿತ್ರಗಳು ಅವೇ. ಜಗಲಿಯ ಮೇಲೆ ಮೂರನ್ನೂ ಸಾಲಾಗಿ ಬಿಚ್ಚಿಟ್ಟರೆ, ಮೂರರಲ್ಲೂ ಅದೇ ವಿಕ್ರಮ ಮಹಾರಾಜ, ಕೈಯಲ್ಲಿ ಬಿಚ್ಚುಗತ್ತಿ, ಹೆಗಲ ಮೇಲೆ ಜೋತಾಡುವ ಹೆಣ, ಕಾಲಬುಡದಲ್ಲಿ ತಲೆಬುರುಡೆ. ಶಂಕರ್ ಬರೆದ ಆ ಚಿತ್ರವನ್ನು ನೋಡದ ನಮ್ಮ ತಲೆಮಾರಿನ ಮಕ್ಕಳು ಕಡಿಮೆ. 2020ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಮತ್ತೆ ಅದನ್ನೇ ಅಚ್ಚು ಹಾಕಿದವು. ಚಿತ್ರ ಒಂದೇ ಆದ್ದರಿಂದ ಜಗಳ ಕಥೆಯ ಬಗ್ಗೆ ಮಾತ್ರ. ಎದುರು ಮನೆಯ ಹುಡುಗ ತಮಿಳಿನಲ್ಲಿ ಓದಿ ಹೇಳುತ್ತಿದ್ದ, ನಾನು ಕನ್ನಡದಲ್ಲಿ ತಕರಾರು ತೆಗೆಯುತ್ತಿದ್ದೆ, ಪಂಚಾಯಿತಿ ದಖನಿ ಬೆರೆತ ಅದ್ಯಾವುದೋ ಭಾಷೆಯಲ್ಲಿ ನಡೆಯುತ್ತಿತ್ತು.

ಬೇತಾಳನ ಕಥೆಯ ಸ್ವಾರಸ್ಯ ಹೆಣದಲ್ಲಿಲ್ಲ, ಕಾಯಿದೆಯಲ್ಲಿದೆ. ಹೆಣದೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ; ರಾಜ ಬಾಯಿಬಿಟ್ಟರೆ ಹಾರಿ ಮತ್ತೆ ಮರ ಸೇರುತ್ತದೆ. ಹಾಗಾದರೆ ಸುಮ್ಮನಿರಬಹುದಲ್ಲ? ಆಗದು, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ. ಎರಡು ವಾಕ್ಯದ ಈ ಶಾಸನದೊಳಗೆ ಒಬ್ಬ ಚಕ್ರವರ್ತಿಯನ್ನು ಕೂಡಿಹಾಕಿದ ಮಹಾನುಭಾವ ಯಾರೋ, ಅವನಿಗೆ ನಮಸ್ಕಾರ. ವಠಾರದ ಮಕ್ಕಳು ಇದರ ಸಂದುಗೊಂದುಗಳನ್ನು ಶೋಧಿಸಿದಷ್ಟು ಯಾವ ವಕೀಲನೂ ಶೋಧಿಸಿರಲಾರ. ರಾಜ ಕಿವಿಗೆ ಹತ್ತಿ ತುರುಕಿಕೊಂಡರೆ? ಉತ್ತರವನ್ನು ಮರಳ ಮೇಲೆ ಬರೆದು ತೋರಿಸಿದರೆ? ಬೇಕೆಂದೇ ತಪ್ಪು ಉತ್ತರ ಹೇಳಿದರೆ? ಹಳೆಯ ಕಥೆಗಾರನಿಗೂ ಈ ಶೋಧ ಗೊತ್ತಿತ್ತು. ಒಂದು ಮನೆಯ ಅಪ್ಪ ಇನ್ನೊಂದು ಮನೆಯ ಮಗಳನ್ನೂ, ಅವನ ಮಗ ಅವಳ ತಾಯಿಯನ್ನೂ ಮದುವೆಯಾದರೆ ಅವರ ಮಕ್ಕಳು ಪರಸ್ಪರ ಏನಾಗಬೇಕು ಎಂಬ ಕೊನೆಯ ಪ್ರಶ್ನೆಗೆ ರಾಜನಿಗೆ ನಿಜವಾಗಿಯೂ ಉತ್ತರ ಹೊಳೆಯುವುದಿಲ್ಲ. ಹೊಳೆಯಲಿಲ್ಲವಾದ್ದರಿಂದ ಮೌನ ತಪ್ಪಲ್ಲ, ತಲೆಯೂ ಉಳಿಯಿತು, ಬೇತಾಳವೂ ಹೆಗಲ ಮೇಲೇ ಉಳಿಯಿತು. ಗೊತ್ತಿಲ್ಲದಿರುವುದೂ ಒಂದೊಂದು ಸಲ ಗೆಲುವು ಎಂಬುದನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಲೆಕ್ಕ ಕೇಳುವ ಈ ಚಾಳಿ ಪುಸ್ತಕದ ಹೊರಗೂ ಹರಿಯುತ್ತಿತ್ತು. ಇಂಗ್ಲಿಷಿನ ಅಮರ ಚಿತ್ರಕಥೆ ಮಾಲಿಕೆ 'ಕೃಷ್ಣ'ನಿಂದ ಆರಂಭವಾಗುತ್ತಿತ್ತು, ಕೃಷ್ಣನ ಸಂಖ್ಯೆ ಮಾತ್ರ 11. ಒಂದರಿಂದ ಹತ್ತು ಎಲ್ಲಿ ಹೋದವು? ಹಳೇ ಪುಸ್ತಕದಂಗಡಿಯವರನ್ನೆಲ್ಲ ಕಾಡಿದೆವು. ದೇವರಿಗಿಂತ ಮುಂಚೆ ಯಾರಿದ್ದರು ಎಂಬಷ್ಟೇ ಗಂಭೀರವಾದ ಪ್ರಶ್ನೆ ಅದು ನಮಗೆ. ಉತ್ತರ ಎಷ್ಟೋ ವರ್ಷಗಳ ಮೇಲೆ ತಿಳಿಯಿತು, ತಿಳಿದಾಗ ಎದೆ ಉಬ್ಬಿತು. 1965ರಲ್ಲಿ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯನ್ನು ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರು ಚಿತ್ರಕಥೆಗಳನ್ನು ಮೊದಲು ಹೊರತಂದದ್ದು ಕನ್ನಡದಲ್ಲಿ. ಸಿಂಡ್ರೆಲಾ, ಅಲ್ಲಾವುದ್ದೀನ, ಪಿನೋಕಿಯೋ, ಹಿಮಬಿಳುಪಿನ ರಾಜಕುಮಾರಿ ಮತ್ತವಳ ಏಳು ಜನ ಕುಳ್ಳರು, ಎಲ್ಲರೂ ಮೊದಲು ಕನ್ನಡ ಮಾತಾಡಿದರು. ಆ ಹತ್ತಾದ ಮೇಲೆ ಕಾರ್ಕಳದಲ್ಲಿ ಹುಟ್ಟಿ ಮುಂಬಯಿ ಸೇರಿದ್ದ ಅನಂತ ಪೈಯವರ ಕೈಯಲ್ಲಿ ಪುರಾಣದ ಮಾಲಿಕೆ ಇಂಗ್ಲಿಷಿನಲ್ಲಿ ಹೊರಟಿತು, ಕ್ರಮಸಂಖ್ಯೆ ಮುಂದುವರಿಯಿತು. ದೇಶದ ಮಕ್ಕಳೆಲ್ಲ ಹನ್ನೊಂದರಿಂದ ಎಣಿಸಿದ್ದಕ್ಕೆ ನಮ್ಮ ಊರು ಕಾರಣ.

ಹೊರಗಿನ ಕಥೆಯನ್ನು ಒಳಗೆ ಕರೆದು ಕೂರಿಸುವ ಕಲೆ ಕನ್ನಡದವರಿಗೆ ಮೊದಲಿಂದಲೂ ಕರಗತ. ಬ್ರೌನಿಂಗನ ಕೊಳಲಿನವನು ಕುವೆಂಪು ಕೈಯಲ್ಲಿ ಕಿಂದರಿಜೋಗಿಯಾಗಿ ಬೊಮ್ಮನಹಳ್ಳಿಗೆ ಬಂದ. ಕೇಳುವ ಮಕ್ಕಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕಥೆಯನ್ನು ತಮ್ಮ ಬಸ್ ರೂಟಿಗೇ ಎಳೆದುಕೊಳ್ಳುತ್ತಾರೆ. ಕವಿಯ ಬೊಮ್ಮನಹಳ್ಳಿ ತುಂಗೆಯ ದಡದ್ದು. ಪುಟ್ಟಿಯ ಬೊಮ್ಮನಹಳ್ಳಿ ಹೊಸೂರು ರಸ್ತೆಯದು. ಇಲಿ ಓಡಿಸಿದ ಕೂಲಿ ಕೊಡದ ಊರಿನ ಅಷ್ಟೊಂದು ಮಕ್ಕಳನ್ನು ಕರೆದುಕೊಂಡು ಜೋಗಿ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿದ್ದಾದರೂ ಹೇಗೆ ಎಂಬುದು ಅವಳ ಸಮಸ್ಯೆ. ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ತೇಜಸ್ವಿಯವರು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದರಲ್ಲ, ಅದರ ಮೊದಲ ಪುಸ್ತಕ 'ಬೆಳ್ಳಂದೂರಿನ ನರಭಕ್ಷಕ'. ಆ ಬೆಳ್ಳಂದೂರು ಮಲೆನಾಡಿನ ಕಡೆಯದು ಎಂದು ಎಷ್ಟು ಹೇಳಿದರೂ ಪುಟ್ಟಿಗೆ ಸಮಾಧಾನವಿಲ್ಲ. ಆಂಡರ್ಸನ್ ಇದೇ ಬೆಂಗಳೂರಿನಲ್ಲಿ ಓದಿದವರು, ಇದೇ ಪೂರ್ವದಿಕ್ಕಿನ ವಿಮಾನ ಕಾರ್ಖಾನೆಯಲ್ಲಿ ದುಡಿದವರು. ಅಂಥವರು ಪಕ್ಕದ ಬೆಳ್ಳಂದೂರನ್ನು ಬಿಟ್ಟು ಅಷ್ಟು ದೂರ ಯಾಕೆ ಹೋಗುತ್ತಾರೆ ಎಂಬುದು ಅವಳ ವಾದ. ವಾದದಲ್ಲಿ ಹುರುಳಿದೆ.

ಮಕ್ಕಳ ಅದ್ಭುತ ಕಥೆಗಳಲ್ಲಿ ಸಾಮಾನ್ಯವಾಗಿ ಒಂದು ಬಾಗಿಲು ಇರುತ್ತದೆ. ನಾರ್ನಿಯಾಕ್ಕೆ ಬಟ್ಟೆಯ ಬೀರುವಿನ ಹಿಂಬದಿಯಿಂದ ದಾರಿ, ಹ್ಯಾರಿ ಪಾಟರನಿಗೆ ಒಂಬತ್ತೂ ಮುಕ್ಕಾಲನೇ ಪ್ಲಾಟ್‌ಫಾರಂ. ನಮ್ಮ ದಂಡು ಸ್ಟೇಷನ್ನಿನಲ್ಲಿ ಆ ಮುಕ್ಕಾಲಿಗೆ ಜಾಗವಿಲ್ಲವೆಂದು ನಾವು ಕೊರಗಬೇಕಿಲ್ಲ. ನಮ್ಮ ಅಜ್ಜಿಗೆ ಇಡೀ ದಂಡೇ ಇನ್ನೊಂದು ಲೋಕವಾಗಿತ್ತು. ಚಿಕ್ಕಪೇಟೆಯಲ್ಲಿ ಹುಟ್ಟಿ ಹಲಸೂರಿಗೆ ಮದುವೆಯಾಗಿ ಬಂದವಳು ಅವಳು. 1809ರಲ್ಲಿ ಬ್ರಿಟಿಷರ ಸೈನ್ಯ ಬಂದು ನೆಲೆನಿಂತ ಜಾಗ ಇದು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆಯಲ್ಲಿ ಮಹಾರಾಜರ ಕಾನೂನು, ದಂಡಿನಲ್ಲಿ ರೆಸಿಡೆಂಟರದು. ನಡುವೆ 1870ರಲ್ಲಿ ಬೆಳೆಸಿದ ಕಬ್ಬನ್ ಪಾರ್ಕು. ಜಟಕಾ ಹತ್ತಿ ಆ ಮರಗಳ ಸಾಲು ದಾಟಿದರೆ ಬೇರೆ ಭಾಷೆ, ಬೇರೆ ಟೋಪಿ, ಬೇರೆ ಪಾಲಿಕೆ. ಎರಡಕ್ಕೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಅಜ್ಜಿ ತವರಿಗೆ ಹೋದಾಗ ಅಕ್ಕಪಕ್ಕದವರು ಅವಳನ್ನು ಸುತ್ತುವರಿದು ಕೂತು ದಂಡಿನ ವರ್ತಮಾನ ಕೇಳುತ್ತಿದ್ದರಂತೆ. ಅವಳೂ ಇದ್ದದ್ದಕ್ಕೆ ನಾಲ್ಕು ಸೇರಿಸಿ ಹೇಳುತ್ತಿದ್ದಳು. ಸೇರಿಸಿದ ಆ ನಾಲ್ಕನ್ನು ಮಕ್ಕಳು ಒಡನೆಯೇ ಪತ್ತೆಹಚ್ಚುತ್ತಿದ್ದರಂತೆ, ದೊಡ್ಡವರು ಹೂಂಗುಟ್ಟುತ್ತಿದ್ದರಂತೆ.

ಹೂಂಗುಟ್ಟುವ ದೊಡ್ಡವರನ್ನು ನಾನೂ ಕಣ್ಣಾರೆ ಕಂಡೆ, 1990ರ ದಶಕದಲ್ಲಿ, 'ನಾಳೆ ಬಾ' ಕಾಲದಲ್ಲಿ. ರಾತ್ರಿ ದೆವ್ವವೊಂದು ಬಂದು ನಿಮ್ಮವರದೇ ದನಿಯಲ್ಲಿ ಬಾಗಿಲ ಬಳಿ ಕರೆಯುತ್ತದೆ, ತೆರೆದರೆ ಸತ್ತಿರಿ, ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ವಾಪಸು ಹೋಗುತ್ತದೆ ಎಂಬ ಸುದ್ದಿ ಊರೂರು ಹಬ್ಬಿತ್ತು. ನಮ್ಮ ವಠಾರದ ಬಾಗಿಲುಗಳೆಲ್ಲ ಒಂದೇ ಸಂಜೆಯಲ್ಲಿ ಸ್ಲೇಟುಗಳಾದವು. ದೊಡ್ಡವರು ಬೆವರುತ್ತ ಬರೆದರು. ಮಕ್ಕಳು ಸಭೆ ಸೇರಿದೆವು. ದೆವ್ವಕ್ಕೆ ಯಾವ ಭಾಷೆ ಓದಲು ಬರುತ್ತದೆ? ಶಿವಾಜಿನಗರದಿಂದ ಬಂದದ್ದಾದರೆ ಉರ್ದುವಿನಲ್ಲೂ ಬರೆಯುವುದು ಒಳ್ಳೆಯದಲ್ಲವೇ? ಎದುರು ಮನೆಯವರು ಸುರಕ್ಷತೆಗೆಂದು ತಮಿಳು, ಕನ್ನಡ, ಇಂಗ್ಲಿಷು ಮೂರನ್ನೂ ಬರೆದರು. ಮೂರು ಬೋರ್ಡು ಇರುವ ಸರ್ಕಾರಿ ಕಚೇರಿ ಎಂದು ದೆವ್ವ ತಿಳಿದರೆ ಬೆಳಗ್ಗೆ ಹತ್ತರ ಮೇಲೆ ಬರಬಹುದೆಂದು ಅವರ ಹುಡುಗನೇ ಹೇಳಿದ. ನಾಳೆ ಎಂಬುದು ಎಂದೂ ಬರುವುದಿಲ್ಲವಾದ್ದರಿಂದ ಈ ಕರಾರಿಗೆ ಕೊನೆಯೇ ಇಲ್ಲ ಎಂದು ಕಂಡುಹಿಡಿದು ನಾವು ಚಪ್ಪಾಳೆ ತಟ್ಟಿದೆವು, ಒಳಗೆ ಹೋಗಿ ನಿದ್ದೆ ಮಾಡಿದೆವು. ನಿದ್ದೆಗೆಟ್ಟವರು, ಸುಳ್ಳು ಕಥೆ ಓದುವ ಚಟವಿಲ್ಲದ ಗೃಹಸ್ಥರು.

ಈಗಿನ ಮಕ್ಕಳ ಬಾಗಿಲುಗಳು ಬೇರೆ. ಬೆಂಗಳೂರಿನವರೇ ಆದ ರೂಪಾ ಪೈ 2009ರಲ್ಲಿ ಇಂಗ್ಲಿಷಿನಲ್ಲಿ ಆರಂಭಿಸಿದ 'ತಾರಾನಾಟ್ಸ್' ಸರಣಿಯ ಲೋಕದ ಹೆಸರೇ 'ಮಿಥ್ಯಾ'. ಅಲ್ಲಿ ಒಗಟು ಬಿಡಿಸದೆ ಪುಟ ಮುಂದಕ್ಕೆ ಹೋಗುವುದಿಲ್ಲ. ಪುಟ್ಟಿ ಅದರ ಸಂಕೇತಾಕ್ಷರಗಳನ್ನು ಬಿಡಿಸಲು ಕೂತರೆ ಊಟಕ್ಕೆ ಕರೆದರೂ ಕೇಳಿಸದು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಬೆಂಗಳೂರಿನಿಂದಲೇ ಹೊರಡಿಸಿದ 'ಸ್ಟೋರಿವೀವರ್'ನಲ್ಲಿ ಒಂದೇ ಚಿತ್ರದ ಕೆಳಗೆ ಹತ್ತಾರು ಭಾಷೆಯ ಕಥೆ ಓದಬಹುದು. ನೋಡಿದಾಗ ನಮ್ಮ ಜಗಲಿ ಮೊಬೈಲಿಗೆ ವರ್ಗವಾದಂತೆ ಕಂಡಿತು. ಜಗಳವಾಡಲು ಎದುರು ಮನೆಯ ಹುಡುಗ ಇಲ್ಲ, ಅಷ್ಟೇ.

2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವಿನ ಮೆಟ್ರೋ ಕೊಂಡಿ ಕೂಡಿದ ಮೇಲೆ ಹಲಸೂರಿನಿಂದ ಮಾವನ ಮನೆಗೆ ಹೋಗುವುದು ಸಲೀಸು. ಪುಟ್ಟಿಯನ್ನು ಕಿಟಕಿ ಪಕ್ಕ ಕೂರಿಸಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಅಪಾರ್ಟ್‌ಮೆಂಟಿನ ಜಾಹೀರಾತುಗಳು. ಒಂದರಲ್ಲಿ ಕೆರೆ ಕಾಣುವ ಬಾಲ್ಕನಿ, ಅಲ್ಲಿ ಕಾಫಿ ಕುಡಿಯುವ ಗಂಡಹೆಂಡಿರು. "ದೊಡ್ಡಮ್ಮ, ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿತ್ತಂತೆ, ನಿಜಾನಾ?" ಎಂದಳು. ನಿಜವೆಂದೆ. ನೊರೆ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಮೆತ್ತಿಕೊಳ್ಳುತ್ತಿತ್ತು, ತಡೆಯಲು ಬಲೆ ಕಟ್ಟಿದ್ದರು. 2018ರ ಜನವರಿಯಲ್ಲಂತೂ ಬೆಂಕಿ ಆರಿಸಲು ಸೈನಿಕರು ಬರಬೇಕಾಯಿತು ಎಂದೆ. ಅವಳು ಹುಬ್ಬು ಗಂಟಿಕ್ಕಿದಳು. ನೀರು ಹೊತ್ತಿಕೊಳ್ಳುವುದು ಅವಳ ಯಾವ ಪುಸ್ತಕದ ಕಾಯಿದೆಗೂ ಒಗ್ಗುತ್ತಿರಲಿಲ್ಲ. ಕಾರಣ ಕೇಳಿದಳು. ಊರಿನ ಬಚ್ಚಲ ನೀರು, ಬಟ್ಟೆ ಸೋಪಿನ ನೀರು ಎಲ್ಲ ಶುದ್ಧವಾಗದೆ ಹರಿದು ಅಲ್ಲಿಗೇ ಸೇರುತ್ತಿತ್ತು, ಕೆರೆ ನುಂಗುವಷ್ಟು ನುಂಗಿತು ಎಂದು ತಿಳಿದಷ್ಟು ಹೇಳಿದೆ.

"ಅಂದರೆ ಕೆರೆ ಊರಿಗೆಲ್ಲ ಕೆಲಸ ಮಾಡಿಕೊಡ್ತು, ಊರಿನವರು ಕೂಲಿ ಕೊಡಲಿಲ್ಲ. ಕಿಂದರಿಜೋಗಿ ಥರ."

"ಹೂಂ."

"ಊರಿನವರು ಅಂದರೆ ಯಾರು?"

ಸುತ್ತಮುತ್ತ ನಿಂತಿದ್ದವರು ಮೊಬೈಲಿನಿಂದ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಗೊತ್ತಿಲ್ಲವೆಂದು ಜಾರಿಕೊಳ್ಳಬಹುದಿತ್ತು, ಆದರೆ ಬೇತಾಳನ ಕಾಯಿದೆ ಓದಿ ಬೆಳೆದ ತಲೆ ಇದು, ಹೋಳಾದರೆ ಕಷ್ಟ. "ನಾವೇ ಕಣೇ" ಎಂದೆ.

ಪುಟ್ಟಿ ಬೇಸರಪಟ್ಟುಕೊಳ್ಳಲಿಲ್ಲ, ಯಾರನ್ನೂ ಬೈಯಲಿಲ್ಲ. ಬ್ಯಾಗಿನಿಂದ ರಫ್ ನೋಟ್‌ಬುಕ್ಕು, ಪೆನ್ಸಿಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ಸರಿ, ಬಾಕಿ ಎಷ್ಟು?"